ಮೊದಲು ಘರಾಟ್‌ಗೆ ಹೋಗು, ಆಮೇಲೆ ಹೊಳೆಗೆ

ಏಪ್ರಿಲ್‌ನಲ್ಲಿ ಹತ್ತು ದಿನ ರಜೆ ಹಾಕಿ ಹಿಮಾಚಲದ ತೀರ್ಥನ್ ಕಣಿವೆಗೆ ಮೀನು ಹಿಡಿಯಲು ಹೊರಟಿದ್ದೇನೆ ಮಾವ ಎಂದು ನೀನು ಫೋನಿನಲ್ಲಿ ಹೇಳಿದ ದಿನದಿಂದ ನನ್ನ ಮನಸ್ಸೂ ಆ ಹೊಳೆಯ ದಂಡೆಯಲ್ಲೇ ಇದೆ. ಯಾವ ರಾಡ್, ಯಾವ ರೀಲ್, ಎಷ್ಟನೇ ನಂಬರಿನ ದಾರ ಎಂದು ಅರ್ಧ ಗಂಟೆ ಕೇಳಿದೆ. ಅಲ್ಲಿಯ ಜನರ ವಿಷಯ ಒಂದು ಮಾತೂ ಕೇಳಲಿಲ್ಲ. ಅದನ್ನು ಹೇಳೋಣ ಅಂತಲೇ ಈ ಕಾಗದ.

ಸಾಮಾನಿನ ಮಾತು ಬೇಗ ಮುಗಿಸುತ್ತೇನೆ. ಎಂಟೂವರೆ ಅಡಿಯ, ನಾಲ್ಕು ಅಥವಾ ಐದನೇ ನಂಬರಿನ ರಾಡ್ ಒಂದಿದ್ದರೆ ಸಾಕು. ನಮ್ಮೂರ ಹಳ್ಳದಲ್ಲಿ ಎರೆಹುಳು ಸಿಕ್ಕಿಸಿ ಗಾಳ ಎಸೆಯುವಾಗ ತುದಿಯ ಸೀಸದ ಗುಂಡು ದಾರವನ್ನು ಎಳೆದುಕೊಂಡು ಹೋಗುತ್ತದಲ್ಲ, ಫ್ಲೈ ಫಿಶಿಂಗ್ ಅದಕ್ಕೆ ತಿರುಗುಮುರುಗು. ಇಲ್ಲಿ ಭಾರ ಇರುವುದು ದಾರದಲ್ಲಿ. ಗರಿ, ನೂಲು ಸುತ್ತಿ ಹುಳದ ಹಾಗೆ ಮಾಡಿದ ಕೊಕ್ಕೆಯ ತೂಕ ಇಲ್ಲವೆನ್ನುವಷ್ಟು ಕಡಿಮೆ. ಹಾಗಾಗಿ ತೋಳಿನ ಬಲ ಬೇಡ. ದಾರ ಹಿಂದಕ್ಕೆ ಪೂರ್ತಿ ಬಿಚ್ಚಿಕೊಳ್ಳುವವರೆಗೆ ಕಾದು ಆಮೇಲೆ ಮುಂದಕ್ಕೆ ಬಿಡು. ಮೀನು ಯಾವಾಗಲೂ ಹರಿವಿಗೆ ಎದುರಾಗಿ ನಿಂತಿರುತ್ತದೆ, ಆದ್ದರಿಂದ ನೀನು ಕೆಳಗಿನಿಂದ ಮೇಲಕ್ಕೆ, ನೆರಳು ನೀರಿಗೆ ಬೀಳದ ಹಾಗೆ ಹೋಗು. ಕೊಕ್ಕೆ ನೀರಿನ ವೇಗದಲ್ಲೇ ತೇಲಬೇಕು. ದಾರ ಎಳೆದು ಒಂದಿಷ್ಟು ಪಕ್ಕಕ್ಕೆ ಸರಿದರೂ ಅಲ್ಲಿಯ ಟ್ರೌಟ್ ಮೀನು ಮುಖ ತಿರುಗಿಸುತ್ತದೆ. ಉಳಿದದ್ದನ್ನು ಹೊಳೆಯೇ ಕಲಿಸುತ್ತದೆ.

ನಾನು ಮೊದಲ ಸಲ ಹೋದಾಗ ಆದದ್ದನ್ನು ಹೇಳುತ್ತೇನೆ ಕೇಳು. ಬಂಜಾರ್‌ನಿಂದ ಗುಶೈನಿಗೆ ಹೋಗುವ ದಾರಿಯಲ್ಲಿ ಬಸ್ಸಿನಿಂದಲೇ ಒಳ್ಳೆಯ ಮಡುವೊಂದು ಕಂಡಿತ್ತು. ಬೆಳಿಗ್ಗೆ ಎದ್ದವನೇ ಯಾರನ್ನೂ ಮಾತನಾಡಿಸದೆ ಗೋಧಿ ಗದ್ದೆಯ ಬದುವಿನ ಮೇಲೆ ನಡೆದು ನೇರ ಅಲ್ಲಿಗೆ ಇಳಿದೆ. ಬದು ಕಿರಿದಾಗಿತ್ತು, ಪೈರು ತುಳಿದೆ. ಬೆನ್ನಿಗೆ ಹುಲ್ಲಿನ ಬುಟ್ಟಿ ಹೊತ್ತ ಅಜ್ಜಿಯೊಬ್ಬಳು ನಿಂತು ನೋಡಿದಳು. ಬೈಯಲಿಲ್ಲ. ಬಗ್ಗಿ, ನಾನು ತುಳಿದ ಪೈರನ್ನು ಕೈಯಿಂದ ಎತ್ತಿ ನಿಲ್ಲಿಸಿದಳು. ನಾನು ನಮಸ್ಕಾರ ಸಹ ಹೇಳದೆ ಗಾಳ ಬೀಸಲು ಶುರುಮಾಡಿದ್ದೆ. ಆ ಬಗ್ಗಿದ ಬೆನ್ನು ಇವತ್ತಿಗೂ ಕಣ್ಣ ಮುಂದೆ ಬರುತ್ತದೆ. ನಮ್ಮ ಗದ್ದೆಗೆ ಯಾರಾದರೂ ಹಾಗೆ ಇಳಿದಿದ್ದರೆ ನಿನ್ನ ಅಜ್ಜ ಸುಮ್ಮನಿರುತ್ತಿದ್ದರೇ?

ಎರಡು ದಿನ ಒಂದು ಮೀನೂ ಬರಲಿಲ್ಲ. ಮೂರನೇ ದಿನ ಮಳೆ ಹಿಡಿದು ಹೊಳೆ ಪಕ್ಕದ ಘರಾಟ್ ಒಳಗೆ ನುಗ್ಗಿದೆ. ಘರಾಟ್ ಅಂದರೆ ನೀರಿನಿಂದ ತಿರುಗುವ ಬೀಸುವ ಕಲ್ಲು. ಹೊಳೆಯ ನೀರನ್ನು ಕಾಲುವೆಯಲ್ಲಿ ತಂದು ಕೆಳಗಿನ ಮರದ ಚಕ್ರಕ್ಕೆ ಬಿಡುತ್ತಾರೆ, ಮೇಲೆ ಕಲ್ಲು ತಿರುಗಿ ಮೆಕ್ಕೆಜೋಳ, ಗೋಧಿ ಹಿಟ್ಟಾಗುತ್ತದೆ. ಒಳಗೆ ಹಿಟ್ಟಿನ ಬಿಸಿ ವಾಸನೆ. ಮುದುಕರೊಬ್ಬರು ಕೂತಿದ್ದರು. ಎಲ್ಲಿಂದ ಬಂದಿ ಎಂದರು. ಕರ್ನಾಟಕ, ಶೃಂಗೇರಿ ಕಡೆಯವನು ಎಂದೆ. ಶೃಂಗೇರಿ ಅಂದರೇನು ಎಂದು ಕೇಳಿದರು. ಋಷ್ಯಶೃಂಗ ಮುನಿಯಿಂದ ಬಂದ ಹೆಸರು, ಹತ್ತಿರದ ಕಿಗ್ಗದಲ್ಲಿ ಅವನ ಹೆಸರಿನ ಗುಡಿಯಿದೆ, ಮಳೆ ಬೇಕಾದರೂ ಮಳೆ ನಿಲ್ಲಬೇಕಾದರೂ ನಾವು ಅಲ್ಲಿ ಬೇಡಿಕೊಳ್ಳುತ್ತೇವೆ ಎಂದು ನನ್ನ ಹರಕು ಹಿಂದಿಯಲ್ಲಿ ಹೇಳಿದೆ. ಅವರು ಕಲ್ಲಿಗೆ ಕಾಳು ಸುರಿಯುವುದನ್ನು ನಿಲ್ಲಿಸಿ ಎದ್ದೇ ನಿಂತರು. ಬಂಜಾರ್ ಕಣಿವೆಯ ದೇವರೇ ಶೃಂಗ ಋಷಿ! ಚೆಹ್ನಿ ಕೋಠಿಯ ಎತ್ತರದ ಗೋಪುರ ಇದೆಯಲ್ಲ, ಅದರ ಹತ್ತಿರ ಬಾಗಿ ಎಂಬಲ್ಲಿ ಅವನ ಗುಡಿ. ದಶರಥನಿಗೆ ಪುತ್ರಕಾಮೇಷ್ಟಿ ಮಾಡಿಸಿದ ಅದೇ ಋಷಿ. ನಮ್ಮ ದೇವರ ಊರಿನವನು ನೀನು ಎಂದು ನನ್ನ ಎರಡೂ ಕೈ ಹಿಡಿದುಕೊಂಡರು.

ಆಮೇಲೆ ಶೃಂಗೇರಿಯ ತುಂಗೆಯ ಮೀನುಗಳ ಮಾತು ಬಂತು. ಮೆಟ್ಟಿಲ ಮೇಲೆ ಕೂತು ಮಂಡಕ್ಕಿ ಹಾಕುತ್ತೇವೆ, ಅವನ್ನು ಯಾರೂ ಹಿಡಿಯುವುದಿಲ್ಲ ಎಂದೆ. ನಮ್ಮಲ್ಲೂ ಇದೆ ಎಂದರು. ಮಂಡಿ ಜಿಲ್ಲೆಯ ಜೋಗಿಂದರ್‌ನಗರದ ಬಳಿ ಮಛಿಯಾಲ್ ಎಂಬಲ್ಲಿ ಮೀನೇ ದೇವರು, ಜನ ಹಿಟ್ಟಿನ ಉಂಡೆ ಹಾಕುತ್ತಾರೆ, ಗಾಳ ಹಾಕುವಂತಿಲ್ಲ. ಮಳೆ ನಿಂತ ಮೇಲೆ ಅವರು ನನ್ನನ್ನು ಹೊಳೆಗೆ ಕರೆದುಕೊಂಡು ಹೋಗಿ ನೀರಿನೊಳಗಿನ ಕಲ್ಲೊಂದನ್ನು ಮಗುಚಿ ತೋರಿಸಿದರು. ಕಲ್ಲಿನ ಅಡಿಯಲ್ಲಿ ಮರಳಿನ ಕಾಳು ಅಂಟಿಸಿ ಕೊಳವೆಮನೆ ಕಟ್ಟಿಕೊಂಡ ಹುಳುಗಳು, ಚಪ್ಪಟೆ ಮೈಯ, ಮೂರು ಬಾಲದ ಮರಿಹುಳುಗಳು. ಮೀನು ತಿನ್ನುವುದು ಇದನ್ನು, ನೀನು ಮೇಲೆ ತೇಲಿಸುತ್ತಿರುವುದು ಏನನ್ನು ಎಂದು ಕೇಳಿದರು. ಟ್ರೌಟ್ ಹೆಚ್ಚಿನ ಊಟವನ್ನು ನೀರಿನ ಒಳಗೇ ಮಾಡುತ್ತದೆ ಎಂದು ಪುಸ್ತಕದಲ್ಲಿ ಓದಿದ್ದೆ, ಆದರೆ ಆ ಕಲ್ಲನ್ನು ಎತ್ತಿ ನೋಡಿರಲಿಲ್ಲ. ಅವತ್ತು ಸಂಜೆ ನೀರಿನಡಿ ಸಾಗುವ ಕೊಕ್ಕೆ ಕಟ್ಟಿದೆ. ಮೊದಲ ಬ್ರೌನ್ ಟ್ರೌಟ್ ಬಂತು. ಮೈಮೇಲೆ ಕೆಂಪು ಚುಕ್ಕೆ, ಸುತ್ತ ತಿಳಿ ಬಣ್ಣದ ಬಳೆ.

ಆ ಮೀನೂ ಅಲ್ಲಿಗೆ ನೆಂಟನೇ ಮಾರಾಯ. ಬ್ರಿಟಿಷರು ಯುರೋಪಿನ ಈ ಮೀನನ್ನು ಕಾಶ್ಮೀರಕ್ಕೆ ತಂದಿದ್ದರು. 1909ರ ಸುಮಾರಿಗೆ ಅದು ಕುಲ್ಲುವಿಗೆ ಬಂತು. ರೇನ್‌ಬೋ ಟ್ರೌಟ್ ಮೂಲತಃ ಅಮೆರಿಕದ್ದು. ಆ ಹೊಳೆಗಳ ಸ್ವಂತ ಮಗು ಗುಗಲಿ ಮೀನು. ಹಿರಿಯರು ಗುಗಲಿಯ ಮಾತೆತ್ತಿದರೆ ಟ್ರೌಟನ್ನು ಹೊಗಳಲು ಹೋಗಬೇಡ, ಕೂತು ಕೇಳು. ಆದರೆ ಇನ್ನೊಂದು ಸಂಗತಿಯೂ ತಿಳಿದಿರಲಿ. ತೀರ್ಥನ್ ಹೊಳೆಗೆ ಜಲವಿದ್ಯುತ್ ಯೋಜನೆಗಳು ಬರಲಿದ್ದಾಗ ಊರವರು ಎದುರು ನಿಂತರು, ಮಾಜಿ ಶಾಸಕ ದಿಲೇ ರಾಮ್ ಶಬಾಬ್ ಮುಂದಾಳಾಗಿ ಕೋರ್ಟಿಗೂ ಹೋದರು. ಟ್ರೌಟ್ ಇರುವ ಹೊಳೆ ಎಂಬುದೂ ಅವರ ವಾದದಲ್ಲಿ ಸೇರಿತ್ತು. ನೀನು ಮೊಣಕಾಲುದ್ದ ನಿಲ್ಲುವ ಆ ತಿಳಿನೀರು ಅವರು ಉಳಿಸಿಕೊಂಡದ್ದು.

ಹಾಗಾಗಿ ಹೋದ ಮೊದಲ ದಿನ ರಾಡನ್ನು ಚೀಲದಿಂದ ತೆಗೆಯಲೇಬೇಡ. ಊರಲ್ಲಿ ನಡೆದಾಡು, ಚಹಾ ಕುಡಿ. ಹಿರಿಯರನ್ನು ಚಾಚಾಜಿ ಎನ್ನು, ಹೆಂಗಸರನ್ನು ಮಾತಾಜಿ ಎನ್ನು, ಬರಿ ಹೆಸರು ಹಿಡಿದು ಕರೆಯಬೇಡ. ಹೊಳೆಗೆ ಇಳಿಯುವ ದಾರಿ ಯಾವುದು ಎಂದು ಕೇಳು. ನಿನಗೆ ಗೊತ್ತಿದ್ದರೂ ಕೇಳು. ಗುಡಿಯ ಅಂಗಳಕ್ಕೆ ಕಾಲಿಡುವ ಮೊದಲು ಕೇಳು, ಬೆಲ್ಟ್, ಪರ್ಸು ಚರ್ಮದ್ದಾದರೆ ಹೊರಗೇ ಇಡು. ಬಟ್ಟೆ ಒಗೆಯುವ ಹೆಂಗಸರು ಇರುವ ಕಡೆ ಗಾಳ ಬೀಸಬೇಡ, ಕ್ಯಾಮೆರಾವನ್ನಂತೂ ಎತ್ತಲೇಬೇಡ. ಯಾರಾದರೂ ಸಿಡ್ಡು ತಂದುಕೊಟ್ಟರೆ, ಅಕ್ರೋಟಿನ ಹೂರಣ ತುಂಬಿ ಹಬೆಯಲ್ಲಿ ಬೇಯಿಸಿದ್ದು ಅದು, ತುಪ್ಪ ಸುರಿದು ಕೊಡುತ್ತಾರೆ, ಹೊಟ್ಟೆ ತುಂಬಿದೆ ಅನ್ನಬೇಡ. ಊರಿನ ಹುಡುಗನೊಬ್ಬನನ್ನು ದಿನಗೂಲಿಗೆ ಜೊತೆಗೆ ಕರೆದುಕೊ, ಚೌಕಾಸಿ ಮಾಡಬೇಡ. ಅವನು ತನಗೆ ಗೊತ್ತಿರುವ ಮಡುವನ್ನು ನಿನಗೆ ತೋರಿಸುತ್ತಾನೆ. ಅದನ್ನು ಫೋಟೋ ಹಾಕಿ ಲೋಕಕ್ಕೆಲ್ಲ ಹಂಚಿದರೆ ಮುಂದಿನ ವರ್ಷ ಆ ಮಡುವಿನಲ್ಲಿ ಏನೂ ಉಳಿಯುವುದಿಲ್ಲ.

ಮೀನುಗಾರಿಕೆ ಇಲಾಖೆಯ ಪರವಾನಗಿ ಮೊದಲೇ ಮಾಡಿಸಿಕೊ. ನವೆಂಬರ್ ಮೊದಲಿನಿಂದ ಫೆಬ್ರವರಿ ಕೊನೆಯವರೆಗೆ ಟ್ರೌಟ್ ಮೊಟ್ಟೆ ಇಡುವ ಕಾಲ, ಆಗ ಗಾಳ ನಿಷಿದ್ಧ. ಈ ಮಾತನ್ನು ನಾನು ಒತ್ತಿ ಹೇಳಲು ಕಾರಣ ಇದೆ. ನಾವು ಚಿಕ್ಕವರಿದ್ದಾಗ ಮುಂಗಾರಿನ ಮೊದಲ ಮಳೆಗೆ ಗದ್ದೆಯ ಅಂಚಿಗೆ ಹತ್ತಿ ಬರುವ ಹತ್ತುಮೀನನ್ನು ಬುಟ್ಟಿಗಟ್ಟಲೆ ಹಿಡಿಯುತ್ತಿದ್ದೆವು. ಕೊಯ್ದರೆ ಹೊಟ್ಟೆ ತುಂಬ ತತ್ತಿ. ಈಗ ನಮ್ಮ ಹಳ್ಳದಲ್ಲಿ ಆ ಮೀನು ಎಷ್ಟಿದೆ ಎಂದು ನೀನೇ ನೋಡಿದ್ದೀಯ.

ಹಿಡಿದ ಮೀನನ್ನು ಬಿಟ್ಟುಬಿಡು. ಕೊಕ್ಕೆಯ ಮುಳ್ಳನ್ನು ಇಕ್ಕಳದಿಂದ ಮೊದಲೇ ಒತ್ತಿ ಚಪ್ಪಟೆ ಮಾಡಿಕೊ. ಮುಟ್ಟುವ ಮೊದಲು ಕೈ ಒದ್ದೆ ಮಾಡು, ಒಣಗಿದ ಕೈಗೆ ಅದರ ಮೈಯ ಲೋಳೆ ಕಿತ್ತು ಬರುತ್ತದೆ, ಆಮೇಲೆ ರೋಗ ಹಿಡಿಯುತ್ತದೆ. ಹರಿವಿಗೆ ಮುಖ ಮಾಡಿ ನೀರಲ್ಲೇ ಹಿಡಿದಿರು, ತಾನಾಗಿ ಬಾಲ ಬೀಸಿ ಹೋಗಲಿ. ತಿನ್ನುವ ಆಸೆಯಾದರೆ ಕಣಿವೆಯಲ್ಲಿ ಟ್ರೌಟ್ ಸಾಕುವ ಮನೆಗಳಿವೆ, ಅಲ್ಲಿ ಕೊಂಡು ತಿನ್ನು. ಆ ದುಡ್ಡು ಊರಿನಲ್ಲೇ ಉಳಿಯುತ್ತದೆ. ಊರ ಹುಡುಗರು ಹಿಡಿದ ಮೀನನ್ನು ಮನೆಗೆ ಒಯ್ದರೆ ಅವರಿಗೆ ಉಪದೇಶ ಮಾಡಲು ಹೋಗಬೇಡ. ತುಂಡಾದ ದಾರವನ್ನು ಒಂದು ಗೇಣೂ ಬಿಡದೆ ಜೇಬಿಗೆ ಹಾಕಿಕೊ. ಕಲ್ಲಿನಿಂದ ಕಲ್ಲಿಗೆ ಹಾರುತ್ತ ನೀರಿನಲ್ಲಿ ಮುಳುಗೇಳುವ ಕಂದು ಹಕ್ಕಿ ಇದೆ, ಅದರ ಕಾಲಿಗೆ ಸುತ್ತಿಕೊಂಡರೆ ಅದು ಬದುಕುವುದಿಲ್ಲ.

ನೀರಿನ ಭಯ ಇರಲಿ. ಮೇಲಿನ ಹಿಮ ಬಿಸಿಲಿಗೆ ಕರಗಿ ಮಧ್ಯಾಹ್ನದ ಮೇಲೆ ಹೊಳೆ ಏರುತ್ತದೆ, ಬೆಳಿಗ್ಗೆ ದಾಟಿದ ಕಡೆಯೇ ಸಂಜೆ ದಾಟಲಾಗದೆ ಹೋಗಬಹುದು. ತೀರ್ಥನ್ ಹೋಗಿ ಬಿಯಾಸ್ ಸೇರುವ ಲಾರ್ಜಿಯಿಂದ ಕೆಳಗೆ ಮಾತ್ರ ಎಂದೂ ನೀರಿಗೆ ಇಳಿಯಬೇಡ. 2014ರ ಜೂನ್ 8ರಂದು ಅಲ್ಲಿ ಅಣೆಕಟ್ಟಿನಿಂದ ಬಿಟ್ಟ ನೀರಿಗೆ ಹೈದರಾಬಾದಿನಿಂದ ಪ್ರವಾಸ ಬಂದಿದ್ದ 24 ವಿದ್ಯಾರ್ಥಿಗಳು ಕೊಚ್ಚಿಹೋದರು. ನಿನ್ನ ವಯಸ್ಸಿನ ಮಕ್ಕಳು. ನದಿ ಶಾಂತವಾಗಿದೆ ಎಂದು ಫೋಟೋ ತೆಗೆಸಿಕೊಳ್ಳಲು ಇಳಿದಿದ್ದರು.

ಹೊರಡುವ ಮೊದಲು ಊರಿಗೆ ಬಂದು ಹೋಗು. ಅರ್ಧ ಕಿಲೋ ಕಾಫಿ ಹುರಿಸಿ ಪುಡಿ ಮಾಡಿಸಿ ಇಟ್ಟಿರುತ್ತೇನೆ, ಜೊತೆಗೆ ಕಿಗ್ಗದ ಪ್ರಸಾದ. ಆ ಮುದುಕರು ಈಗಿಲ್ಲ, ಘರಾಟನ್ನು ಅವರ ಮಗ ನಡೆಸುತ್ತಾನೆ, ಅವನಿಗೆ ಕೊಡು. ಗದ್ದೆಯ ಬದುವಿನಲ್ಲಿ ಹೋಗಬೇಡ, ಸೇತುವೆಯ ಕಡೆಯಿಂದ ಸುತ್ತಿ ಇಳಿ. ಶೃಂಗೇರಿಯ ಮಾವ ಕಳಿಸಿದರು ಎಂದು ಹೇಳು.