ಕಿಟ್ ಲೆನ್ಸಿಗೆ ತಿಂಗಳಿಗೆ 200 ರೂಪಾಯಿ

ಸುಮಾರು 45,000 ರೂಪಾಯಿ ಕೊಟ್ಟು ಸಿಗ್ಮಾ 18-50 ಎಫ್/2.8 ಲೆನ್ಸ್ ತಂದಾಗ ಮನೆಯಲ್ಲಿ ಎದ್ದದ್ದು ಒಂದೇ ಪ್ರಶ್ನೆ: "ಕ್ಯಾಮೆರಾ ಜೊತೆಗೇ ಒಂದು ಬಂದಿತ್ತಲ್ರೀ, ಅದಕ್ಕೇನಾಗಿದೆ?" ನ್ಯಾಯವಾದ ಪ್ರಶ್ನೆ. ಅದಕ್ಕೆ ಏನೂ ಆಗಿರಲಿಲ್ಲ. ಎ6400 ಜೊತೆ ಕಿಟ್‌ನಲ್ಲಿ ಬಂದ ಸೋನಿ 16-50 ಪವರ್ ಜೂಮ್ ಈಗಲೂ ಚೆನ್ನಾಗಿಯೇ ಇದೆ. ಹೊಸದು ದೂರದ್ದನ್ನು ಹಳೆಯದಕ್ಕಿಂತ ಹತ್ತಿರ ತರುವುದಿಲ್ಲ, ಅಗಲದ ಕಡೆ ಎರಡು ಮಿಲಿಮೀಟರ್ ಕಳೆದುಕೊಳ್ಳುತ್ತದೆ. ಹಳೆಯದರ ತೂಕ 116 ಗ್ರಾಂ, ಹೊಸದರದು 290. ದುಡ್ಡು ಕೊಟ್ಟು ಕುತ್ತಿಗೆಗೆ ಭಾರ ಹೇರಿಕೊಂಡ ಈ ವ್ಯಾಪಾರವನ್ನು ನಾನು ಇವತ್ತಿಗೂ ಸಮರ್ಥಿಸುತ್ತೇನೆ. ಆದರೆ ನನ್ನನ್ನು ನೋಡಿ ಅದನ್ನೇ ಕೊಳ್ಳಹೊರಟವರಲ್ಲಿ ಹೆಚ್ಚಿನವರಿಗೆ ಬೇಡ ಎಂದಿದ್ದೇನೆ.

ಕಿಟ್ ಲೆನ್ಸನ್ನು ಬೈಯುವುದು ಒಂದು ಫ್ಯಾಷನ್ನು. ಬೈಗುಳದಲ್ಲಿ ಸತ್ಯವೂ ಇದೆ. 2012ರಲ್ಲಿ ಬಂದ ಈ 16-50, ಕ್ಯಾಮೆರಾ ಆಫ್ ಮಾಡಿದರೆ ಮೂರು ಸೆಂಟಿಮೀಟರಿನೊಳಗೆ ಮುದುಡಿಕೊಳ್ಳುತ್ತದೆ. ಅಷ್ಟು ಚಿಕ್ಕದಾಗಿದ್ದಕ್ಕೆ ತೆತ್ತದ್ದು 16ರ ತುದಿಯಲ್ಲಿ ಗೊತ್ತಾಗುತ್ತದೆ. ರಾ ಫೈಲನ್ನು ತಿದ್ದದೆ ತೆರೆದರೆ ನೇರ ಗೋಡೆ ಹೊಟ್ಟೆ ಬಂದಂತೆ ಉಬ್ಬಿರುತ್ತದೆ. ಸಾಫ್ಟ್‌ವೇರ್ ಅದನ್ನು ಎಳೆದು ನೆಟ್ಟಗೆ ಮಾಡುತ್ತದೆ, ಎಳೆದಲ್ಲೆಲ್ಲ ಮೂಲೆಯ ವಿವರ ಕರಗುತ್ತದೆ. ಇದೇ ಜಾತಿಯ ಬೇರೆಯವೂ ಒಂದಲ್ಲ ಒಂದು ಕಡೆ ಉಳಿತಾಯ ಮಾಡಿದವೇ. 2019ರಲ್ಲಿ ಜೆಡ್50 ಜೊತೆ ಬಂದ ನಿಕಾನ್ 16-50ರ ಮೂಲೆಗಳು ಸೋನಿಗಿಂತ ವಾಸಿ, ಆದರೆ ಮೌಂಟ್ ಪ್ಲಾಸ್ಟಿಕ್ಕು, 50ರಲ್ಲಿ ಎಫ್/6.3. ಪ್ಯಾನಾಸಾನಿಕ್ 12-32 ಬರೀ 70 ಗ್ರಾಂ. ಆದರೂ ಹಗಲು ಬೆಳಕಿನಲ್ಲಿ ಎಫ್/8ಕ್ಕಿಟ್ಟು ತೆಗೆದು 8×12 ಪ್ರಿಂಟ್ ಹಾಕಿಸಿ ಗೆಳೆಯರ ಮುಂದಿಡಿ. ಯಾವುದು ಕಿಟ್, ಯಾವುದು ಸಿಗ್ಮಾ ಎಂದು ನೋಡಿ ಹೇಳುವವರು ನನಗಿನ್ನೂ ಸಿಕ್ಕಿಲ್ಲ.

ಬೇಲೂರು ದೇವಾಲಯದ ನವರಂಗದೊಳಗಂತೂ ನನ್ನ ದುಬಾರಿ ಲೆನ್ಸಿಗಿಂತ ಕಿಟ್ ಲೆನ್ಸೇ ಮೇಲು. ಅಲ್ಲಿ ಮಟಮಟ ಮಧ್ಯಾಹ್ನವೂ ಕತ್ತಲೆ, ಟ್ರೈಪಾಡ್ ಹೂಡಲು ಪುರಾತತ್ವ ಇಲಾಖೆಯ ಅನುಮತಿ ಬೇಕು. ಸಿಗ್ಮಾದಲ್ಲಿ ಸ್ಟೆಬಿಲೈಸೇಶನ್ ಇಲ್ಲ, ಎ6400 ಬಾಡಿಯಲ್ಲೂ ಇಲ್ಲ. ಕಿಟ್ ಲೆನ್ಸಿನಲ್ಲಿ ಅದಿದೆ, ಸೋನಿ ಅದನ್ನು ಓಎಸ್ಎಸ್ ಅನ್ನುತ್ತದೆ. ಕಂಬಗಳು ಕದಲುವುದಿಲ್ಲ, ಕದಲುವುದು ಕೈ ಮಾತ್ರ. ಉಸಿರು ಬಿಗಿಹಿಡಿದು 1/10 ಸೆಕೆಂಡಿಗೆ ತೆಗೆದರೂ ಕಂಬದ ಕೆತ್ತನೆ ಗೆರೆಗೆರೆಯಾಗಿ ಬರುತ್ತದೆ.

ಹಾಗಾದರೆ ಸಿಗ್ಮಾ ಯಾಕೆ ಬೇಕಾಯಿತು? ಯಕ್ಷಗಾನಕ್ಕೆ. ಪುಂಡುವೇಷದವರು ದಿಗಿಣ ಹಾರುವಾಗ ಓಎಸ್ಎಸ್ ಇದ್ದೂ ಪ್ರಯೋಜನವಿಲ್ಲ. ಅಲ್ಲಾಡುತ್ತಿರುವುದು ನನ್ನ ಕೈಯಲ್ಲ, ಎದುರಿನ ಮನುಷ್ಯ. ಶಟರ್ 1/500 ಇಡಲೇಬೇಕು. ಕಿಟ್ ಲೆನ್ಸು 50ರಲ್ಲಿ ಎಫ್/5.6ಕ್ಕಿಂತ ತೆರೆಯದು, ರಂಗಸ್ಥಳದ ಬೆಳಕಿಗೆ ಐಎಸ್ಒ 12800ಕ್ಕೆ ಏರುತ್ತದೆ, ಮುಖವರ್ಣಿಕೆಯ ಮೇಲೆಲ್ಲ ರವೆ ಚೆಲ್ಲಿದ ಹಾಗೆ ನಾಯ್ಸ್. ಎಫ್/2.8ರಲ್ಲಿ ಅದೇ ಚಿತ್ರ 3200ಕ್ಕೆ ಸಿಗುತ್ತದೆ. ಎರಡು ಸ್ಟಾಪ್, ನಾಲ್ಕು ಪಟ್ಟು ಬೆಳಕು. ನಾನು ದುಡ್ಡು ಕೊಟ್ಟಿದ್ದು ಈ ಎರಡು ಸ್ಟಾಪಿಗೆ, ಬೇರೆ ಯಾವುದಕ್ಕೂ ಅಲ್ಲ.

ಈಗ ಅದರ ನಿಜವಾದ ಬೆಲೆ ನೋಡೋಣ. ಬಿಲ್ಲಿನಲ್ಲಿರುವ 45,000 ನಿಜವಾದ ಬೆಲೆಯಲ್ಲ. ಮೂರು ವರ್ಷ ಬಳಸಿ ಮಾರಿದರೆ 32,000 ಬರುತ್ತದೆ ಎಂದು ಹಿಡಿಯಿರಿ. ಕೈಬಿಟ್ಟದ್ದು 13,000. ಅಷ್ಟೇ ಅಲ್ಲ, ಆ 45,000 ಎಫ್‌ಡಿಯಲ್ಲಿ ಶೇ. 7ಕ್ಕೆ ಕುಳಿತಿದ್ದರೆ, ವರ್ಷಕ್ಕೊಮ್ಮೆ ಚಕ್ರಬಡ್ಡಿ ಸೇರಿ, ಮೂರು ವರ್ಷಕ್ಕೆ 10,127 ರೂಪಾಯಿ ದುಡಿಯುತ್ತಿತ್ತು. ಈ ಬಡ್ಡಿಯನ್ನು ಲೆಕ್ಕಕ್ಕೆ ಹಿಡಿಯದವರೇ ಹೆಚ್ಚು, "ನನ್ನ ದುಡ್ಡೇ ತಾನೇ" ಅನ್ನುತ್ತಾರೆ. ನಿಮ್ಮ ದುಡ್ಡಾದ್ದರಿಂದಲೇ ಅದು ಖರ್ಚು. ಎರಡೂ ಸೇರಿ 23,127, ಅಂದರೆ ತಿಂಗಳಿಗೆ 642. ಇನ್ನು ಕಿಟ್ ಲೆನ್ಸು. ಬಾಡಿ ಮಾತ್ರ ಕೊಂಡರೆ ಒಂದು ಬೆಲೆ, ಕಿಟ್ ಸಮೇತ ಕೊಂಡರೆ 10,000 ಹೆಚ್ಚು ಎಂದಿಟ್ಟುಕೊಳ್ಳಿ. ಮಾರಿದರೆ 5,000. ನಷ್ಟ 5,000, ಬಡ್ಡಿ ಸುಮಾರು 2,250, ಒಟ್ಟು 7,250. ತಿಂಗಳಿಗೆ 200ರ ಆಸುಪಾಸು. ಅಂದರೆ ಎರಡು ಸ್ಟಾಪ್ ಬೆಳಕಿಗೆ ನಾನು ತೆರುತ್ತಿರುವ ಹೆಚ್ಚುವರಿ ತಿಂಗಳಿಗೆ 440 ರೂಪಾಯಿ.

ಕಡಿಮೆ ಅನ್ನಿಸಿತೇ? ಬಾಡಿಗೆಯ ಜೊತೆ ತೂಗಿ ನೋಡಿ. ದಿನಕ್ಕೆ 700ರಂತೆ ಲೆನ್ಸ್ ಬಾಡಿಗೆಗೆ ಸಿಕ್ಕರೆ, 23,127 ರೂಪಾಯಿಗೆ 33 ರಾತ್ರಿ, ವರ್ಷಕ್ಕೆ 11. ದೀಪಾವಳಿ ಕಳೆದು ಯಕ್ಷಗಾನ ಮೇಳಗಳ ತಿರುಗಾಟ ಶುರುವಾಗಿ ಪತ್ತನಾಜೆಗೆ ಗೆಜ್ಜೆ ಬಿಚ್ಚುವವರೆಗೆ ನನಗೆ 11 ಆಟ ಏನೇನೂ ಅಲ್ಲ, ಅದಕ್ಕೇ ಕೊಂಡೆ. ವರ್ಷಕ್ಕೆ ಎರಡು ಮದುವೆ, ಒಂದು ಗೃಹಪ್ರವೇಶ ತೆಗೆಯುವವರು ಕೊಳ್ಳಬಾರದು. ಬಾಡಿಗೆಗೆ ತರಲಿ, ಇಲ್ಲವೇ ಒಂದು ಫ್ಲ್ಯಾಶ್ ಇಟ್ಟುಕೊಳ್ಳಲಿ.

ಇಷ್ಟೆಲ್ಲ ಲೆಕ್ಕ ಹೇಳಿದ ಮೇಲೂ "ಸಾರ್, ನೋ-ಕಾಸ್ಟ್ ಇಎಂಐ ಇದೆಯಲ್ಲ" ಅನ್ನುವವರಿದ್ದಾರೆ. ನನಗೆ ಮೈ ಉರಿಯುವುದು ಇಲ್ಲೇ. ಯಾವ ಬ್ಯಾಂಕೂ ನಿಮಗೆ ಪುಕ್ಕಟೆ ಸಾಲ ಕೊಡುವುದಿಲ್ಲ. ಬಡ್ಡಿಯಷ್ಟು ಮೊತ್ತವನ್ನು ಅಂಗಡಿಯವರೋ ಕಂಪನಿಯವರೋ ಮೊದಲೇ ರಿಯಾಯಿತಿ ಎಂದು ಬಿಲ್ಲಿನಲ್ಲಿ ಕಳೆಯುತ್ತಾರೆ, ಬ್ಯಾಂಕು ಅದನ್ನು ಬಡ್ಡಿ ಎಂದು ವಸೂಲು ಮಾಡುತ್ತದೆ. ಕ್ರೆಡಿಟ್ ಕಾರ್ಡಿನಲ್ಲಾದರೆ ಆ ಬಡ್ಡಿಯ ಮೇಲೆ ಶೇ. 18 ಜಿಎಸ್‌ಟಿ ನಿಮ್ಮ ತಲೆಗೆ, ಪ್ರೊಸೆಸಿಂಗ್ ಫೀ ಬೇರೆ. ನಗದು ಕೊಡುವವನು ಚೌಕಾಸಿ ಮಾಡಿ ಇಳಿಸಿಕೊಳ್ಳುವ ಸಾವಿರವೋ ಎರಡು ಸಾವಿರವೋ ನಿಮಗಿಲ್ಲ. ಶೂನ್ಯ ಬಡ್ಡಿ ಎಂಬುದೊಂದು ಇಲ್ಲವೇ ಇಲ್ಲ ಎಂದು ರಿಸರ್ವ್ ಬ್ಯಾಂಕು 2013ರ ಸೆಪ್ಟೆಂಬರಿನಲ್ಲೇ ಬ್ಯಾಂಕುಗಳಿಗೆ ತಾಕೀತು ಮಾಡಿತ್ತು. ಹೆಸರು ಬದಲಾಯಿತು, ಮಾಲು ಅದೇ. ಇದರ ದೊಡ್ಡ ಹಾನಿ ಆ ಐನೂರು ಸಾವಿರದ್ದಲ್ಲ. 45,000ದ ವಸ್ತುವನ್ನು "ತಿಂಗಳಿಗೆ ಐದು ಸಾವಿರ ಅಷ್ಟೆ" ಎಂದು ತೋರಿಸಿ, ಬೇಕೋ ಬೇಡವೋ ಎಂದು ಯೋಚಿಸುವ ವ್ಯವಧಾನವನ್ನೇ ಕಿತ್ತುಕೊಳ್ಳುತ್ತದಲ್ಲ, ಅದು. ಅದೇ ಕೌಂಟರಿನಲ್ಲಿ ಪುಕ್ಕಟೆ ಬ್ಯಾಗು, ಯುವಿ ಫಿಲ್ಟರು, ಎಕ್ಸ್‌ಟೆಂಡೆಡ್ ವಾರಂಟಿ ಎಲ್ಲ ಸಾಲಾಗಿ ಬರುತ್ತವೆ. ಕೈಮುಗಿದು ಎದ್ದುಬನ್ನಿ.

ಲೆನ್ಸು ಕೊಳ್ಳುವ ಮೊದಲು ಮಾಡಬೇಕಾದ ಕೆಲಸಕ್ಕೆ ಒಂದು ಪೈಸೆ ಖರ್ಚಿಲ್ಲ. ಕಳೆದ ವರ್ಷ ತೆಗೆದ ಚಿತ್ರಗಳನ್ನು ಕಂಪ್ಯೂಟರಿನಲ್ಲಿ ಫೋಕಲ್ ಲೆಂತ್ ಪ್ರಕಾರ ಜೋಡಿಸಿ. ಮುಕ್ಕಾಲು ಪಾಲು 16ರಲ್ಲೇ ಇದ್ದರೆ ನಿಮಗೆ ಬೇಕಿರುವುದು ಇನ್ನೊಂದು ಜೂಮ್ ಅಲ್ಲ, ಅಗಲದ ಒಂದು ಪ್ರೈಮ್. ಎಲ್ಲವೂ 50ಕ್ಕೆ ಹೋಗಿ ನಿಂತಿದ್ದರೆ ಇನ್ನೂ ಮುಂದೆ ಹೋಗುವ ಲೆನ್ಸ್ ಬೇಕು, ನಾನು ಕೊಂಡದ್ದಲ್ಲ. ಐಎಸ್ಒ ಪ್ರಕಾರವೂ ಒಮ್ಮೆ ಜೋಡಿಸಿ. ಹೆಚ್ಚಿನವು 800ರ ಕೆಳಗಿದ್ದರೆ ಎಫ್/2.8ಕ್ಕೆ ದುಡ್ಡು ಸುರಿಯುವುದು ಗದ್ದೆಗೆ ನೀರು ನಿಂತಿರುವಾಗ ಪಂಪು ಹಾಕಿದ ಹಾಗೆ. ನಮ್ಮವರು ಚಿತ್ರ ತೆಗೆಯುವುದಕ್ಕಿಂತ ಲೆನ್ಸಿನ ರಿವ್ಯೂ ನೋಡುವುದರಲ್ಲೇ ಸಂಜೆ ಕಳೆಯುತ್ತಾರೆ. ರಿವ್ಯೂ ನೋಡಿದಷ್ಟೂ ಇರುವ ಲೆನ್ಸು ಕೆಡುತ್ತಾ ಹೋಗುತ್ತದೆ.

ಹೊಸದಾಗಿ ಕ್ಯಾಮೆರಾ ಕೊಳ್ಳುವವರು ಅಂಗಡಿಯವರಿಗೆ ಹಿಡಿಸದ ಇನ್ನೊಂದು ದಾರಿಯನ್ನೂ ನೋಡಬಹುದು. ಬಾಡಿ ಮಾತ್ರ ಹೊಸದು ತಂದು, ಕಿಟ್ ಲೆನ್ಸನ್ನು ಸೆಕೆಂಡ್ ಹ್ಯಾಂಡ್ ಕೊಳ್ಳುವುದು. ಡಬ್ಬಿ ತೆಗೆದ ವಾರದಲ್ಲೇ ಕಿಟ್ ಲೆನ್ಸು ಮಾರಿಬಿಡುವವರು ಬೇಕಾದಷ್ಟು ಜನ. ಅದನ್ನು 5,000ಕ್ಕೆ ಕೊಂಡು 4,000ಕ್ಕೆ ಮಾರಿದರೆ ತಿಂಗಳ 200 ಕೂಡ ಅರ್ಧಕ್ಕಿಂತ ಕೆಳಗಿಳಿಯುತ್ತದೆ. ಪವರ್ ಜೂಮ್ ಆದರೆ ಕೊಳ್ಳುವಾಗ ಕ್ಯಾಮೆರಾ ಹತ್ತಾರು ಸಲ ಆನ್-ಆಫ್ ಮಾಡಿಸಿ. ಕೊಳವೆ ತಡವರಿಸದೆ ಹೊರಬಂದು ಒಳಹೋಗಬೇಕು, ಮೋಟಾರು ಕರಕರ ಎನ್ನಬಾರದು. ಮುಂದೆಂದಾದರೂ ಆ ಮೋಟಾರು ಕೈಕೊಟ್ಟರೆ ರಿಪೇರಿಗೆ ಎಷ್ಟಾಗುತ್ತದೆಂದು ಮೊದಲೇ ಕೇಳಿ. 5,000 ದಾಟಿದರೆ ಅದನ್ನು ಅಲ್ಲೇ ಬಿಟ್ಟು ಇನ್ನೊಂದು ಹಳೆಯದನ್ನೇ ತನ್ನಿ.