ವೈಫೈ ನಿಂತರೆ: ಮೊದಲು ಪರೀಕ್ಷೆ, ಆಮೇಲೆ ಚಿಕಿತ್ಸೆ



ಬರಡು ರಾಸುಗಳ ಚಿಕಿತ್ಸಾ ಶಿಬಿರಕ್ಕೆಂದು ಇತ್ತೀಚೆಗೆ ಒಂದು ಸಂಘಕ್ಕೆ ಹೋಗಿದ್ದೆ. ಅಂದೇ ಬಟವಾಡೆ ಪಟ್ಟಿಯನ್ನು ಬ್ಯಾಂಕಿಗೆ ಕಳುಹಿಸಬೇಕಿತ್ತು. ಸಂಘದ ಲಿನಕ್ಸ್ ಲ್ಯಾಪ್‌ಟಾಪ್‌ನಲ್ಲಿ ವೈಫೈ ಇಲ್ಲ. "ಎಲ್ಲ ಅಳಿಸಿ ಹೊಸದಾಗಿ ಹಾಕಿಸೋಣ ಡಾಕ್ಟ್ರೇ" ಎಂದರು ಕಾರ್ಯದರ್ಶಿಯವರು. ಮೂರು ವರ್ಷದ ಹಾಲಿನ ಲೆಕ್ಕ ಅದರಲ್ಲಿತ್ತು. ಬೇರೆಲ್ಲೂ ಪ್ರತಿ ಇರಲಿಲ್ಲ. ರಾಸು ಮೇವು ಬಿಟ್ಟಿತೆಂದು ಜ್ವರ ನೋಡದೆ ಸೂಜಿ ಹಾಕುತ್ತೇವೆಯೇ? ಇಲ್ಲಿಯೂ ಹಾಗೆಯೇ.

ಡ್ರೈವರ್ ಎಂದರೇನು?

ವೈಫೈ ಕಾರ್ಡಿಗೆ ಕೆಲಸ ಹೇಳುವ ತಂತ್ರಾಂಶವೇ ಡ್ರೈವರ್. ಲಿನಕ್ಸಿನ ತಿರುಳಾದ ಕರ್ನಲ್ ಜೊತೆಯಲ್ಲೇ ಬಹಳಷ್ಟು ಡ್ರೈವರ್‌ಗಳು ಬರುತ್ತವೆ. ಕೆಲವನ್ನು ಬೇರೆಯಾಗಿ ಹಾಕಬೇಕು. ಅನೇಕ ಕಾರ್ಡುಗಳಿಗೆ ಫರ್ಮ್‌ವೇರ್ ಎಂಬ ಕಡತವೂ ಬೇಕು.

ಪರೀಕ್ಷಿಸುವ ಕ್ರಮ

ಟರ್ಮಿನಲ್ ತೆರೆದು ಆದೇಶಗಳನ್ನು ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ ಟೈಪ್ ಮಾಡಿ.

1. "ಆರ್‌ಎಫ್‌ಕಿಲ್ ಲಿಸ್ಟ್" ಕೊಡಿ. "ಹಾರ್ಡ್ ಬ್ಲಾಕ್ಡ್" ಎಂಬುದರ ಮುಂದೆ "ಯೆಸ್" ಇದ್ದರೆ ಲ್ಯಾಪ್‌ಟಾಪಿನ ವೈಫೈ ಗುಂಡಿ ಆರಿದೆಯೇ ನೋಡಿ. "ಸಾಫ್ಟ್ ಬ್ಲಾಕ್ಡ್" ಮುಂದೆ "ಯೆಸ್" ಇದ್ದರೆ "ಆರ್‌ಎಫ್‌ಕಿಲ್ ಅನ್‌ಬ್ಲಾಕ್ ವೈಫೈ" ಕೊಡಿ.

2. "ಎಲ್‌ಎಸ್‌ಪಿಸಿಐ" ಬರೆದು, ಜಾಗ ಬಿಟ್ಟು, ಅಡ್ಡಗೆರೆ ಮತ್ತು "ಕೆ" ಸೇರಿಸಿ. ಕಾರ್ಡಿನ ಹೆಸರು, ಅದರ ಕೆಳಗೆ "ಕರ್ನಲ್ ಡ್ರೈವರ್ ಇನ್ ಯೂಸ್" ಎಂಬ ಸಾಲು ಕಾಣಬೇಕು. ಆ ಸಾಲು ಇಲ್ಲದಿದ್ದರೆ ಡ್ರೈವರ್ ಕೆಲಸ ಮಾಡುತ್ತಿಲ್ಲ. ಯುಎಸ್‌ಬಿ ಕಾರ್ಡಾದರೆ "ಎಲ್‌ಎಸ್‌ಯುಎಸ್‌ಬಿ" ಬಳಸಿ ಹೆಸರು ನೋಡಿ.

3. "ಸುಡೋ ಡಿಎಂಇಎಸ್‌ಜಿ" ಕೊಟ್ಟು ಓದಿ. ಫರ್ಮ್‌ವೇರ್ ಸಿಗಲಿಲ್ಲವೆಂಬ ಸಂದೇಶವಿದ್ದರೆ ರೋಗ ಗೊತ್ತಾಯಿತು.

ಚಿಕಿತ್ಸೆ

ವೈಫೈ ಇಲ್ಲದೆ ಡ್ರೈವರ್ ತರುವುದು ಹೇಗೆ? ಮೊಬೈಲನ್ನು ಕೇಬಲ್ಲಿನಿಂದ ಜೋಡಿಸಿ "ಯುಎಸ್‌ಬಿ ಟೆದರಿಂಗ್" ಹಾಕಿ. ಸಾಮಾನ್ಯವಾಗಿ ಇಂಟರ್‌ನೆಟ್ ಬರುತ್ತದೆ. ಉಬುಂಟುವಿನಲ್ಲಿ "ಅಡಿಷನಲ್ ಡ್ರೈವರ್ಸ್" ತೆರೆದು ನೋಡಿ. ಡೆಬಿಯನ್‌ನಲ್ಲಿ 2023ರ 12ನೇ ಆವೃತ್ತಿಯಿಂದ ಅಧಿಕೃತ ಅಳವಡಿಕೆಯಲ್ಲೇ ಫರ್ಮ್‌ವೇರ್ ಸೇರಿದೆ. ಅದಕ್ಕಿಂತ ಹಳೆಯದಾದರೆ ಬೇರೆಯಾಗಿ ಹಾಕಬೇಕು.

ಅಪ್‌ಡೇಟ್ ಆದ ಮೇಲೆ ವೈಫೈ ನಿಂತಿದ್ದರೆ, ಗಣಕ ಶುರುವಾಗುವಾಗ ಬರುವ ಪಟ್ಟಿಯಲ್ಲಿ "ಅಡ್ವಾನ್ಸ್ಡ್ ಆಪ್ಷನ್ಸ್" ಆರಿಸಿ ಹಿಂದಿನ ಕರ್ನಲ್‌ನಿಂದ ತೆರೆಯಿರಿ. ಆ ಸಂಘದಲ್ಲಿ ಆಗಿದ್ದು ಇದೇ. ಬೇರೆಯಾಗಿ ಹಾಕಿಸಿದ್ದ ಡ್ರೈವರ್ ಹೊಸ ಕರ್ನಲ್‌ಗೆ ಹೊಂದಿರಲಿಲ್ಲ. ಹಳೆಯದರಲ್ಲಿ ತೆರೆದ ಕೂಡಲೇ ವೈಫೈ ಬಂತು, ಪಟ್ಟಿ ಬ್ಯಾಂಕಿಗೆ ಹೋಯಿತು. ಲೆಕ್ಕ ಹಾಗೇ ಉಳಿಯಿತು.

ನೆನಪಿಡಿ

* ಯಾವ ರಿಪೇರಿಗೂ ಮೊದಲು ಲೆಕ್ಕದ ಪ್ರತಿಯನ್ನು ಪೆನ್‌ಡ್ರೈವಿಗೆ ತೆಗೆದಿಡಿ.
* ಕಾರ್ಡಿನ ಹೆಸರನ್ನೂ ಕಂಡ ಸಂದೇಶವನ್ನೂ ಬರೆದುಕೊಂಡೇ ರಿಪೇರಿಯವರನ್ನು ಕರೆಯಿರಿ.
* ವೈಫೈ ಇಲ್ಲವೆಂಬ ಒಂದೇ ಕಾರಣಕ್ಕೆ ಎಲ್ಲವನ್ನೂ ಅಳಿಸಲು ಒಪ್ಪಬೇಡಿ.

ಸದಸ್ಯ ಬಂಧುಗಳೇ, ಮುಂದಿನ ಸಭೆಯಲ್ಲಿ ಒಂದು ಪ್ರಶ್ನೆ ಕೇಳಿ: "ನಮ್ಮ ಹಾಲಿನ ಲೆಕ್ಕದ ಇನ್ನೊಂದು ಪ್ರತಿ ಎಲ್ಲಿದೆ?"

– ಪಶುವೈದ್ಯಾಧಿಕಾರಿ (ವಿಸ್ತರಣೆ)