ಅಧ್ಯಯನಕ್ಕೆ ಬಂದವರು, ಊರಲ್ಲಿ ಇದ್ದವರು

(ಸ್ವಸಹಾಯ ಸಂಘಗಳ ಮಾಸಿಕ ಸಭೆಗಾಗಿ ಪಾಠ)



ನಮ್ಮ ಹಳ್ಳಿಗಳಿಗೆ ಅಧ್ಯಯನ ಮಾಡಲು ಬರುವವರು ಹೊಸಬರೇನಲ್ಲ. ಕಾಲೇಜಿನವರು ಬರುತ್ತಾರೆ, ವಿಶ್ವವಿದ್ಯಾನಿಲಯದವರು ಬರುತ್ತಾರೆ, ಒಮ್ಮೊಮ್ಮೆ ಹೊರದೇಶದವರೂ ಬರುತ್ತಾರೆ. ನೀರು, ಬೆಳೆ, ಸಾಲ, ಕಾಯಿಲೆ, ಕಾಡು ಎಲ್ಲದರ ಬಗ್ಗೆ ಕೇಳುತ್ತಾರೆ. ನಾವು ಕೆಲಸ ಬಿಟ್ಟು ಕೂತು ಉತ್ತರ ಹೇಳುತ್ತೇವೆ, ಕಾಫಿ ಕೊಟ್ಟು ಕಳಿಸುತ್ತೇವೆ. ಆಮೇಲೆ? "ಬಂದ್ರು, ಬರ್ಕೊಂಡ್ರು, ಹೋದ್ರು" ಅನ್ನುವ ಮಾತೇ ಹೆಚ್ಚಿನ ಕಡೆ ಉಳಿಯುತ್ತದೆ.

ಹಾಗೆಂದು ಅಧ್ಯಯನವೇ ಬೇಡ ಅನ್ನಬಾರದು. ಸರಿಯಾದ ಮಾಹಿತಿ ಇಲ್ಲದೆ ಯಾವ ಯೋಜನೆಯೂ ಬಡವರನ್ನು ಮುಟ್ಟುವುದಿಲ್ಲ. ಆದರೆ ಊರಿನ ಜನ ಬರೀ ಉತ್ತರ ಹೇಳುವವರು, ದಾರಿ ತೋರಿಸುವವರು ಆಗಿ ಉಳಿದರೆ ಸಾಲದು. ಮೊದಲಿನಿಂದ ಕೊನೆತನಕ ಪಾಲುದಾರರಾಗಬೇಕು. ಇದು ನಮ್ಮ ಮರ್ಯಾದೆಯ ಪ್ರಶ್ನೆ ನಿಜ; ಅದಕ್ಕಿಂತ ಹೆಚ್ಚಾಗಿ, ಸ್ಥಳೀಯರನ್ನು ಬಿಟ್ಟು ಮಾಡಿದ ಅಧ್ಯಯನ ಸತ್ಯವನ್ನೇ ತಪ್ಪಿಸಿಕೊಳ್ಳುತ್ತದೆ. ಮೂರು ಉದಾಹರಣೆ ನೋಡೋಣ.

1. ಬಿಳಿಗಿರಿರಂಗನ ಬೆಟ್ಟದ ನೆಲ್ಲಿಮರ

ಚಾಮರಾಜನಗರ ಜಿಲ್ಲೆಯ ಈ ಬೆಟ್ಟದಲ್ಲಿ ಸೋಲಿಗರು ತಲೆತಲಾಂತರದಿಂದ ಇದ್ದಾರೆ. ನೆಲ್ಲಿಕಾಯಿ, ಜೇನು, ಸೀಗೆ, ಅಂಟುವಾಳ ಸಂಗ್ರಹಿಸಿ ಲ್ಯಾಂಪ್ಸ್ ಸೊಸೈಟಿಗೆ ಕೊಡುವುದು ಅವರ ಬದುಕಿಗೆ ಆಧಾರವಾಗಿತ್ತು. 1974ರಲ್ಲಿ ಬೆಟ್ಟ ಅಭಯಾರಣ್ಯವಾಯಿತು. ಸೋಲಿಗರು ಬೇಸಿಗೆ ಜೋರಾಗುವ ಮೊದಲೇ ಹಾಕುತ್ತಿದ್ದ 'ತರಗು ಬೆಂಕಿ'ಗೂ ತಡೆ ಬಿತ್ತು. ತರಗು ಬೆಂಕಿ ಅಂದರೆ ನೆಲದ ಒಣ ಎಲೆಯನ್ನಷ್ಟೇ ಸುಡುವ ಸಣ್ಣ ಬೆಂಕಿ.

ವರ್ಷಗಳು ಕಳೆದಂತೆ ನೆಲ್ಲಿಮರಗಳು ಸೊರಗಿದವು. ಕಾಯಿ ಕೀಳುವವರಿಂದಲೇ ಹೀಗಾಯಿತು ಎನ್ನುವುದು ಹೊರಗಿನವರಿಗೆ ಸುಲಭದ ಉತ್ತರ. ಸೋಲಿಗರು ಹೇಳಿದ್ದು ಬೇರೆ. ಮರಕ್ಕೆ ಬಂದಳಿಕೆ ಹತ್ತಿದೆ (ಅವರು ಅದನ್ನು ಉಪ್ಪಿಲು ಅನ್ನುತ್ತಾರೆ), ಕೆಳಗೆ ಲಂಟಾನ ತುಂಬಿ ಸಸಿ ಮೇಲೇಳಲು ಬಿಡುತ್ತಿಲ್ಲ, ತರಗು ಬೆಂಕಿ ನಿಂತದ್ದೇ ಇದಕ್ಕೆ ಕಾರಣ ಎಂದರು. ಬಹುಕಾಲ ಈ ಮಾತನ್ನು ಕೇಳುವವರು ಕಡಿಮೆಯಿದ್ದರು.

ಬೆಂಗಳೂರಿನ ಏಟ್ರೀ ಸಂಸ್ಥೆಯ ಸಂಶೋಧಕರು 1997ರಲ್ಲಿ ಮತ್ತು 2008ರಲ್ಲಿ ಕಾಡಿನ ಅದೇ ಜಾಗಗಳನ್ನು ಅಳೆದಾಗ, ಲಂಟಾನ ಕಂಡ ಜಾಗಗಳು ಸುಮಾರು ಎರಡು ಪಟ್ಟಾಗಿದ್ದವು. ಅದರ ದಟ್ಟಣೆ ಸುಮಾರು ನಾಲ್ಕು ಪಟ್ಟಾಗಿತ್ತು. ನೆಲ್ಲಿ ಮತ್ತು ಬಂದಳಿಕೆಯ ವಿಷಯದಲ್ಲಿ ಸೋಲಿಗರ ತಿಳಿವಳಿಕೆಯನ್ನೂ ವಿಜ್ಞಾನಿಗಳ ಅಳತೆಯನ್ನೂ ಜೊತೆಗಿಟ್ಟು ನೋಡಿದ ಅಧ್ಯಯನ 2010ರಲ್ಲಿ ಪ್ರಕಟವಾಯಿತು. ಒಬ್ಬರಿಗೆ ಕಾಣದ್ದು ಇನ್ನೊಬ್ಬರಿಗೆ ಕಂಡಿತ್ತು.

ಹಾಗಾದರೆ ನಾಳೆಯಿಂದಲೇ ಬೆಂಕಿ ಹಾಕಬಹುದೇ? ಅಷ್ಟು ಸುಲಭವಲ್ಲ. ಲಂಟಾನ ಆಳೆತ್ತರ ಬೆಳೆದ ಕಡೆ ಸಣ್ಣ ಬೆಂಕಿಯೂ ದೊಡ್ಡದಾಗಿ ಮರಕ್ಕೆ ಏರುತ್ತದೆ. ಎಲ್ಲಿ, ಯಾವಾಗ, ಎಷ್ಟು ಎಂದು ನಿರ್ಧರಿಸಲು ಸೋಲಿಗರೂ ಬೇಕು, ವಿಜ್ಞಾನಿಗಳೂ ಬೇಕು.

ಇಂಥ ಜೊತೆಗೆಲಸದಿಂದ ಇನ್ನೊಂದು ಲಾಭವಾಯಿತು. ಸೋಲಿಗರ ಜೊತೆಗೇ ನಡೆದು ಅವರ ಪವಿತ್ರ ಸ್ಥಳಗಳನ್ನು ಗುರುತಿಸಿದ ನಕ್ಷೆ, ಈ ಕಾಡು ನಮ್ಮದೂ ಹೌದು ಎಂದು ಹೇಳಲು ದಾಖಲೆಯಾಯಿತು. 2011ರಲ್ಲಿ ಬೆಟ್ಟ ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷ 25 ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕುಪತ್ರವೂ ಸಿಕ್ಕಿತು. ಸೋಲಿಗರಲ್ಲೇ ಒಬ್ಬರಾದ ಡಾ. ಸಿ. ಮಾದೇಗೌಡರು ಪಿಎಚ್‌ಡಿ ಪಡೆದು ಸಂಶೋಧಕರಾಗಿ ದುಡಿದರು. ದಾರಿ ತೋರಿಸುವ ಸಮುದಾಯದಿಂದಲೇ ಪ್ರಶ್ನೆ ಕೇಳುವವರು ಬಂದರು.

2. ಕಾಣಿ ಜನರ ಆರೋಗ್ಯಪಚ್ಚ

ಕೇರಳದ ಅಗಸ್ತ್ಯ ಬೆಟ್ಟದಲ್ಲಿ 1987ರಲ್ಲಿ ವಿಜ್ಞಾನಿಗಳ ತಂಡವೊಂದು ಕಾಡು ಸುತ್ತುತ್ತಿತ್ತು. ದಾರಿ ತೋರಿಸಲು ಬಂದ ಕಾಣಿ ಬುಡಕಟ್ಟಿನವರು ಒಂದು ಗಿಡದ ಕಾಯಿ ತಿನ್ನುತ್ತ, ದಣಿವಿಲ್ಲದೆ ನಡೆಯುತ್ತಿದ್ದರು. ಆ ಗಿಡವೇ ಆರೋಗ್ಯಪಚ್ಚ. ಅದರಿಂದ ತಿರುವನಂತಪುರದ ಸಂಶೋಧನಾ ಸಂಸ್ಥೆ 'ಜೀವನಿ' ಎಂಬ ಔಷಧ ಮಾಡಿತು. 1995ರಲ್ಲಿ 10 ಲಕ್ಷ ರೂಪಾಯಿ ಪರವಾನಗಿ ಶುಲ್ಕಕ್ಕೆ ಅದನ್ನು ತಯಾರಿಸುವ ಹಕ್ಕು ಒಂದು ಔಷಧ ಕಂಪನಿಗೆ ಹೋಯಿತು. ಬಂದ ಹಣದಲ್ಲಿ ಅರ್ಧ ಕಾಣಿ ಸಮುದಾಯಕ್ಕೆ ಎಂದಾಯಿತು, 1997ರಲ್ಲಿ ಅದಕ್ಕಾಗಿ ಟ್ರಸ್ಟ್ ರಚನೆಯಾಯಿತು.

ಆಗಿನ ಕಾಲಕ್ಕೆ ಇದು ದೊಡ್ಡ ಹೆಜ್ಜೆ. ಆದರೂ ಗುಟ್ಟು ಹೇಳಿದವರು ಕೆಲವರು, ಬೇರೆ ಕಡೆಯ ಕಾಣಿಗಳನ್ನು ಯಾರೂ ಕೇಳಲಿಲ್ಲ ಎಂಬ ಅಸಮಾಧಾನ ಎದ್ದಿತು. ಇಲ್ಲಿಂದ ನಾವು ಕಲಿಯುವುದು ಎರಡು: ಪಾಲಿನ ಮಾತು ಮೊದಲೇ ಆಗಬೇಕು, ಒಬ್ಬಿಬ್ಬರು 'ಹೂಂ' ಅಂದದ್ದು ಇಡೀ ಸಮುದಾಯದ ಒಪ್ಪಿಗೆಯಲ್ಲ.

3. ಸಾನ್ ಜನ ಬರೆದ ನಿಯಮ

ಆಫ್ರಿಕಾದ ದಕ್ಷಿಣ ಭಾಗದಲ್ಲಿರುವ ಸಾನ್ ಜನರನ್ನು ಅಧ್ಯಯನ ಮಾಡಿದವರಿಗೆ ಲೆಕ್ಕವಿಲ್ಲ. 2010ರಲ್ಲಿ ಅವರಲ್ಲಿ ಕೆಲವರ ವಂಶವಾಹಿಯ ಅಧ್ಯಯನ ಪ್ರಕಟವಾದಾಗ, ನಮ್ಮ ಸಂಘಟನೆಯನ್ನು ಕೇಳಲಿಲ್ಲ, ಬಳಸಿದ ಮಾತುಗಳೂ ಅವಮಾನ ತರುವಂತಿವೆ ಎಂದು ಅವರು ಆಕ್ಷೇಪಿಸಿದರು. ಅಲ್ಲಿಗೇ ಸುಮ್ಮನಾಗಲಿಲ್ಲ. 2017ರಲ್ಲಿ ದಕ್ಷಿಣ ಆಫ್ರಿಕಾದ ಸಾನ್ ಜನ ಸಂಶೋಧಕರು ಹೇಗೆ ನಡೆದುಕೊಳ್ಳಬೇಕೆಂಬ ನೀತಿಸಂಹಿತೆಯನ್ನು ತಾವೇ ಹೊರತಂದರು. ಗೌರವ, ಪ್ರಾಮಾಣಿಕತೆ, ನ್ಯಾಯ, ಕಾಳಜಿ ಅದರ ಮುಖ್ಯ ಮೌಲ್ಯಗಳು.

ನಾವು ಏನು ಮಾಡಬಹುದು?

ನಮ್ಮ ಸಂಘಗಳ ಮೂಲಕ ಯಾರಾದರೂ ಅಧ್ಯಯನಕ್ಕೆ ಬಂದರೆ ಮೊದಲೇ ಈ ಐದು ಮಾತು ಆಡಿಕೊಳ್ಳೋಣ.

ಅ) ಪ್ರಶ್ನೆ ಯಾರದ್ದು? ಪ್ರಶ್ನಾವಳಿಯನ್ನು ಊರಿನ ಒಂದಿಬ್ಬರ ಜೊತೆ ಕೂತು ತಿದ್ದಲಿ. "ತಿಂಗಳ ಆದಾಯ ಎಷ್ಟು?" ಎಂದರೆ ಬೆಳೆ ಬಂದಾಗ ಮಾತ್ರ ಹಣ ನೋಡುವ ರೈತ ಏನು ಹೇಳಿಯಾನು? ಕೈಸಾಲದ ವಿಷಯ ಗಂಡನ ಎದುರು ಕೇಳಿದರೆ ಹೆಂಡತಿ ನಿಜ ಹೇಳುತ್ತಾಳೆಯೇ? ಇದು ಊರಿನವರಿಗೆ ಗೊತ್ತು.

ಆ) ಒಪ್ಪಿಗೆ. ಉದ್ದೇಶವನ್ನು ಕನ್ನಡದಲ್ಲೇ, ಅಥವಾ ಮನೆಮಾತಿನಲ್ಲೇ ವಿವರಿಸಲಿ. 'ಬೇಡ' ಅನ್ನಲು, ನಡುವೆ ಬಿಡಲು ಎಲ್ಲರಿಗೂ ಸ್ವಾತಂತ್ರ್ಯವಿರಲಿ. ಮುಖಂಡರನ್ನಷ್ಟೇ ಅಲ್ಲ, ಹೆಂಗಸರನ್ನೂ ಕೂಲಿಕಾರರನ್ನೂ ಕೇಳಲಿ.

ಇ) ಕೂಲಿ ಮತ್ತು ಹೆಸರು. ಬಿಸಿಲಲ್ಲಿ ಮನೆಮನೆ ತಿರುಗಿ ಮಾಹಿತಿ ತರುವ ನಮ್ಮ ಹುಡುಗ ಹುಡುಗಿಯರಿಗೆ ನ್ಯಾಯವಾದ ಸಂಬಳ ಸಿಗಲಿ, ವರದಿಯಲ್ಲಿ ಅವರ ಹೆಸರೂ ಇರಲಿ. ಅಂಕಿಅಂಶ ಬಿಡಿಸಿ ನೋಡುವುದನ್ನೂ ಅವರಿಗೆ ಕಲಿಸಲಿ.

ಈ) ಗುಟ್ಟು. ಕಾಯಿಲೆ, ಸಾಲ, ಮನೆಜಗಳದ ಮಾತು ಹೇಳಿದವರ ಗುರುತು ಹೊರಬೀಳಬಾರದು. ಗಿಡಮೂಲಿಕೆಯ ವಿಷಯವಾದರೆ ಪಂಚಾಯಿತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿಗೆ ತಿಳಿಸೋಣ. 2002ರ ಕಾಯ್ದೆಯಿಂದ ಬಂದ ಸಮಿತಿ ಅದು.

ಉ) ಫಲ ಹಿಂದಿರುಗಲಿ. ಕಂಡುಕೊಂಡದ್ದನ್ನು ಊರಿಗೆ ಬಂದು ಹೇಳಲಿ, ಕನ್ನಡದಲ್ಲಿ ಎರಡು ಪುಟವಾದರೂ ಕೊಡಲಿ. ತಪ್ಪಿದ್ದರೆ ಜನ ಅಲ್ಲೇ ತಿದ್ದುತ್ತಾರೆ.

ಇದರಲ್ಲಿ ನಮ್ಮ ಜವಾಬ್ದಾರಿಯೂ ಇದೆ. "ಹೀಗೆ ಹೇಳಿದ್ರೆ ಸವಲತ್ತು ಸಿಗುತ್ತೆ" ಎಂದು ಲೆಕ್ಕ ಹಾಕಿ ಉತ್ತರ ಕೊಟ್ಟರೆ ಪಾಲುದಾರಿಕೆ ಮುರಿದಂತೆ. ಸತ್ಯ ಎರಡೂ ಕಡೆಯಿಂದ ಬರಬೇಕು.

ಪೋಪ್ ಫ್ರಾನ್ಸಿಸರು 2015ರ 'ಲೌದಾತೋ ಸಿ' ವಿಶ್ವಪತ್ರದಲ್ಲಿ, ಮೂಲನಿವಾಸಿಗಳ ನೆಲದ ಮೇಲೆ ದೊಡ್ಡ ಯೋಜನೆ ಬಂದಾಗ ಅವರೇ ಸಂವಾದದ ಮುಖ್ಯ ಪಾಲುದಾರರಾಗಬೇಕು ಎಂದು ಕಲಿಸಿದರು. ದೇವರು ತನ್ನ ರೂಪದಲ್ಲಿ ಸೃಷ್ಟಿಸಿದ ಮನುಷ್ಯ ಯಾರ ಪಟ್ಟಿಯಲ್ಲೂ ಬರೀ ಒಂದು ಸಂಖ್ಯೆಯಲ್ಲ.

ಸಭೆಯಲ್ಲಿ ಚರ್ಚಿಸಿರಿ:

1. ನಮ್ಮ ಊರಿನಲ್ಲಿ ಈವರೆಗೆ ಯಾವ ಅಧ್ಯಯನಗಳು ನಡೆದಿವೆ? ಅವುಗಳ ವರದಿ ಯಾರ ಬಳಿ ಇದೆ?
2. ನಮ್ಮ ಊರಿನ ಬಗ್ಗೆ ನಾವೇ ತಿಳಿಯಬೇಕೆಂದಿರುವ ಒಂದು ಪ್ರಶ್ನೆ ಯಾವುದು?
3. ನಮ್ಮ ಸಂಘದಿಂದ ಸಂಶೋಧಕರ ಜೊತೆ ಕೂತು ಕೆಲಸ ಮಾಡಬಲ್ಲ ಇಬ್ಬರು ಯುವಕ ಯುವತಿಯರು ಯಾರು?

ಉತ್ತರಗಳನ್ನು ಸಂಘದ ನಡಾವಳಿ ಪುಸ್ತಕದಲ್ಲಿ ಬರೆದಿಡಿ. ಮುಂದೆ ಯಾರಾದರೂ ಪ್ರಶ್ನಾವಳಿ ಹಿಡಿದು ಬಂದಾಗ ಆ ಪುಟ ತೆಗೆದು ಅವರ ಮುಂದಿಡಿ. ಮಾತು ಅಲ್ಲಿಂದ ಶುರುವಾಗಲಿ.